ಹದಿನಾರು ಬೇಸಿನ್ನು, ಐದೂವರೆ ಬಸ್ಸು

ವಾದದಲ್ಲಿ ಸೋತು ಅಷ್ಟೊಂದು ಸಂತೋಷಪಟ್ಟವನು ಕೊಳ್ಳೇಗಾಲದಲ್ಲಿ ನಾನೊಬ್ಬನೇ ಇರಬೇಕು. ಇಲ್ಲ ಎನ್ನುವವರಿದ್ದರೆ ಅದರ ಬಗ್ಗೆಯೂ ಚರ್ಚೆಗೆ ಸಿದ್ಧ.

ಮೈಸೂರಿನ ಕಾಲೇಜಿನಲ್ಲಿ ನಾನು ಮೂರು ವರ್ಷ ಕಲಿತದ್ದು ರಸಾಯನಶಾಸ್ತ್ರ ಎಂದು ಸರ್ಟಿಫಿಕೇಟು ಹೇಳುತ್ತದೆ. ನಿಜವಾಗಿ ಕಲಿತದ್ದು ಚರ್ಚಾಸ್ಪರ್ಧೆ. ಚೀಟಿಯಲ್ಲಿ ಪರ ಬರಲಿ, ವಿರೋಧ ಬರಲಿ, ಗಂಟೆ ಬಾರಿಸುವುದರೊಳಗೆ ಎದುರಿನವನ ಬಾಯಿ ಕಟ್ಟಿಸುತ್ತಿದ್ದೆ. ದೇವರಿದ್ದಾನೆ ಎಂದೂ ಗೆದ್ದಿದ್ದೇನೆ, ಇಲ್ಲ ಎಂದೂ ಗೆದ್ದಿದ್ದೇನೆ. ಹಾಗೆ ಬಂದ ಮೂರು ಕಪ್ಪುಗಳಲ್ಲಿ ಒಂದರಲ್ಲಿ ಅವ್ವ ಸೀಗೆಪುಡಿ ತುಂಬಿಟ್ಟಳು. ಉಳಿದೆರಡು ಅಟ್ಟ ಸೇರಿದವು. ಓದು ಮುಗಿದ ವರ್ಷವೇ, ಸಾವಿರದೊಂಬೈನೂರ ಎಪ್ಪತ್ತರ ಆಸುಪಾಸಿನಲ್ಲಿ, ಹನೂರು ರಸ್ತೆಯ ಪಕ್ಕದ ರೇಷ್ಮೆ ನೂಲಿನ ಕಾರ್ಖಾನೆಯೊಂದರಲ್ಲಿ ಟ್ರೈನಿ ಸೂಪರ್‌ವೈಸರ್ ಆಗಿ ಸೇರಿದೆ.

ನನ್ನ ಪಾಲಿಗೆ ಬಂದದ್ದು ಒಂದು ಸಾಲು. ಹದಿನಾರು ಬೇಸಿನ್ನು, ಹದಿನಾರು ಹೆಂಗಸರು. ಬೇಸಿನ್ ಎಂದರೆ ಬಿಸಿನೀರಿನ ತೊಟ್ಟಿ. ಬೆಂದ ರೇಷ್ಮೆಗೂಡುಗಳು ಅದರಲ್ಲಿ ತೇಲುತ್ತವೆ. ಹೆಂಗಸರು ಕಣ್ಣಿಗೆ ಕಾಣದ ಅವುಗಳ ತುದಿಗಳನ್ನು ಹಿಡಿದು, ನಾಲ್ಕಾರನ್ನು ಸೇರಿಸಿ, ಸಣ್ಣ ತೂತಿನ ಪಿಂಗಾಣಿ ಬಿಲ್ಲೆಯೊಳಗೆ ತೂರಿಸಿ ಮೇಲೆ ತಿರುಗುವ ರಾಟೆಗೆ ಕೊಡುತ್ತಾರೆ. ಬಿಲ್ಲೆಗೆ ಅಲ್ಲಿ ಬಟನ್ ಎನ್ನುತ್ತಿದ್ದರು. ಬೆಂದ ಹುಳುವಿನ ವಾಸನೆ ಮೊದಲ ವಾರ ಊಟ ಬಿಡಿಸಿತು, ಎರಡನೆಯ ವಾರ ಅಭ್ಯಾಸವಾಯಿತು, ಮೂರನೆಯ ವಾರದಿಂದ ಮನೆಯವರು ನನ್ನಿಂದ ದೂರ ಕೂರತೊಡಗಿದರು.

ಹನೂರು ಕಡೆಯ ಗೂಡು ಮುಗಿದು ಯಳಂದೂರು ಕಡೆಯದು ಬಂದಾಗ, ಅಥವಾ ದಪ್ಪ ಎಳೆ ಬಿಟ್ಟು ಸಣ್ಣ ಎಳೆ ತೆಗೆಯಬೇಕಾದಾಗ, ಸಾಲಿಗೆ ಸಾಲೇ ಬದಲಾಗಬೇಕು. ನಾಲ್ಕು ಗಂಟೆಗೆ ರಾಟೆ ನಿಲ್ಲುತ್ತದೆ. ಹಳೆಯ ನೀರು ಬಿಟ್ಟು, ತೊಟ್ಟಿ ಉಜ್ಜಿ, ಬಟನ್ ಬದಲಿಸಿ, ರಾಟೆಯ ವೇಗ ಬೇರೆಯಾಗುವಂತೆ ಫಿಟ್ಟರ್ ಕೈಲಿ ಬೆಲ್ಟು ಸರಿಸಿ ಕಟ್ಟಿಸಿ, ಹೊಸ ನೀರು ತುಂಬಿ, ಹಬೆ ಬಿಟ್ಟು ಕಾಯಿಸಿ, ಎಳೆ ಹಿಡಿದು ತೋರಿಸಬೇಕು. ನಾನು ನೋಡಿ ಟಿಕ್ ಹಾಕಿದ ಮೇಲೆ ಆಕೆ ಮನೆಗೆ ಹೋಗಬಹುದು. ಅವರವರ ಬೇಸಿನ್ನು ಅವರವರದು. ಇದೆಲ್ಲ ಮುಗಿಯುವಾಗ ಸಂಜೆ ಏಳು ದಾಟುತ್ತಿತ್ತು. ಮಧುವನಹಳ್ಳಿ ಕಡೆಗೆ ಹೋಗುವ ಬಸ್ಸು ಗೇಟಿನ ಮುಂದೆ ನಿಲ್ಲುವುದು ಐದೂವರೆಗೆ.

ಸಾಲಿನಲ್ಲಿ ಒಂಬತ್ತು ಜನ ಮಧುವನಹಳ್ಳಿಯವರು. ಬದಲಾವಣೆಯ ದಿನ ಅವರಿಗೆ ಕಾಲ್ನಡಿಗೆಯೇ. ಅದರಲ್ಲೊಬ್ಬಳು ಧನಗೆರೆಯಿಂದ ಅಲ್ಲಿಗೆ ಸೊಸೆಯಾಗಿ ಬಂದವಳು, ಐದು ತಿಂಗಳ ಕೂಸಿನ ತಾಯಿ. ತುದಿ ಹಿಡಿಯುವುದರಲ್ಲಿ ಅವಳ ಬೆರಳನ್ನು ಮೀರಿಸಿದವರಿರಲಿಲ್ಲ. ಕೂಸು ಹಗಲೆಲ್ಲ ಮೇಕೆ ಹಾಲು, ರಾಗಿ ಗಂಜಿಯಲ್ಲಿ ಹೇಗೋ ಸುಮ್ಮನಿರುತ್ತಿತ್ತಂತೆ. ದೀಪ ಹಚ್ಚುವ ಹೊತ್ತಿಗೆ ತಾಯಿ ಕಾಣದಿದ್ದರೆ ಮಾತ್ರ ಬೀದಿ ಹಾರಿಹೋಗುವಂತೆ ಅಳುತ್ತಿತ್ತಂತೆ.

ಒಂದು ಸೋಮವಾರ ಅವಳು ಕಣ್ಣು ಊದಿಸಿಕೊಂಡು ಬಂದಳು. ನಾನು ಕೇಳಲಿಲ್ಲ, ಪಕ್ಕದ ಬೇಸಿನ್ನಿನ ಹಿರಿಯಕ್ಕನೇ ಹೇಳಿದಳು. ಈ ಹಿರಿಯಕ್ಕ ಸಾಲಿನ ಯಜಮಾನಿ. ಅವಳನ್ನು ಹಾಗೆ ಯಾರೂ ನೇಮಿಸಿರಲಿಲ್ಲ, ಯಾರೂ ಇಳಿಸುವ ಹಾಗೂ ಇರಲಿಲ್ಲ.

“ಅವ್ಳ ಅತ್ತೆ ಏಳ್ಬುಟ್ಟವ್ಳೆ ಸಾ. ಇನ್ನೊಂದ್ಸಲ ದೀಪ ಅಚ್ಚೋ ಒತ್ಗೆ ನೀ ಬರ್ನಿಲ್ಲ, ಕೂಸು ಅತ್ತದೆ ಅಂದ್ರೆ, ಅವತ್ಗೆ ಫ್ಯಾಕ್ಟ್ರಿ ಸಾಕು ಅಂತ.”

“ಕೆಲಸ ಬಿಡಬೇಕಾ?”

“ಬುಡ್ಬೇಕು,” ಎಂದಳು ಕೂಸಿನ ತಾಯಿ, ನೀರಿನಿಂದ ಕಣ್ಣೆತ್ತದೆ. “ಮನೇಲಿ ಕುಂತ್ರೆ ಈ ಬೆರಳು ಸುಮ್ಕಿರಲ್ಲ ಸಾ. ಗೋಡೆಲೂ ಎಳೆ ಉಡುಕ್ತವೆ.”

ಮುಂದಿನ ಬದಲಾವಣೆ ಗುರುವಾರ. ನನ್ನ ತರ್ಕ ಕೂಡಲೇ ಕೆಲಸ ಮಾಡಿತು. “ಇದರಲ್ಲೇನಿದೆ? ಎಲ್ಲರೂ ಸೇರಿ ಮೊದಲು ಇವಳದನ್ನು ಮುಗಿಸಿ. ನಾನು ಟಿಕ್ ಹಾಕುತ್ತೇನೆ, ಇವಳು ಬಸ್ಸು ಹತ್ತಲಿ.”

ಸಾಲು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿತು.

“ಹದಿನೈದು ಜನರ ಕೈ ತಕಂಡು, ನಂದಾಯ್ತು ಅಂತ ಎದ್ದೋಗಕ್ಕಾಯ್ತದಾ ಸಾ?” ಎಂದಳು ಆ ತಾಯಿ. “ನಾಳಿಕ್ಕೆ ನಾ ಇವ್ರ ಮೊಕ ಎಂಗ್ ನೋಡ್ಲಿ?”

ಅದು ಮುಯ್ಯಾಳಿನ ಕಟ್ಟು. ನಾಟಿಯ ಕಾಲದಲ್ಲಿ ಇವತ್ತು ಎಲ್ಲರೂ ನಿನ್ನ ಗದ್ದೆಗೆ, ನಾಳೆ ಎಲ್ಲರೂ ನನ್ನ ಗದ್ದೆಗೆ. ಒಮ್ಮೆ ಬೇರೆಯವರ ಕೈ ಪಡೆದವಳು ಕೊನೆಯ ಗದ್ದೆ ಮುಗಿಯುವವರೆಗೆ ಕದಲುವ ಹಾಗಿಲ್ಲ. ಕೂಸು ಅಳಲಿ, ಕೆಲಸ ಹೋಗಲಿ, ಇವಳು ಕದಲುವುದಿಲ್ಲ! ನನಗೆ ರೇಗಿಹೋಯಿತು. ಆಗ ಹಿರಿಯಕ್ಕ, ಸಾರಿಗೆ ಉಪ್ಪು ಹಾಕಿದಷ್ಟು ಹಗುರವಾಗಿ, ಅಂದಳು: “ಅಂಗಾರೆ ಹದಿನಾರ್ನೂ ಬಸ್ ಬರಾದ್ರೊಳಗೆ ಮುಗ್ಸಾದು. ಎಲ್ಲಾರ್ದೂ ಎಲ್ಲಾರೂ ಮಾಡಾದು. ಮುಯ್ಯಾಳು.”

ಇಂಥದ್ದಕ್ಕೇ ನಾನು ಕಾಯುತ್ತಿದ್ದೆ. ಗೂಡಿನ ತೂಕ ಬರೆಯುವ ಕಪ್ಪುಹಲಗೆಯ ಮುಂದೆ ಅವರನ್ನೆಲ್ಲ ನಿಲ್ಲಿಸಿ ಸೀಮೆಸುಣ್ಣ ಹಿಡಿದೆ. ಕೈಗಳು ಮೂವತ್ತೆರಡು. ಬೇಸಿನ್ನು ಹದಿನಾರು. ಒಬ್ಬೊಬ್ಬರು ಒಂದೊಂದು ಮಾಡಿದರೂ ಅಷ್ಟೇ ಕೈ, ಅಷ್ಟೇ ಕೆಲಸ. ಎಲ್ಲರೂ ಒಂದೊಂದಕ್ಕೇ ಮುಗಿಬಿದ್ದರೂ ಅಷ್ಟೇ ಕೈ, ಅಷ್ಟೇ ಕೆಲಸ. ಆದ್ದರಿಂದ ಹೊತ್ತೂ ಅಷ್ಟೇ. ಅಡಿಗೆರೆ ಎಳೆದು, ಕಾಲೇಜಿನಲ್ಲಿ ಮಾಡುತ್ತಿದ್ದಂತೆ ಸಭೆಯ ಕಡೆ ತಿರುಗಿದೆ.

“ಕೈ ಲೆಕ್ಕ ಆಕಿದ್ರಿ ಸಾ,” ಎಂದಳು ಹಿರಿಯಕ್ಕ. “ಕಾಯಾ ಲೆಕ್ಕ ಎಲ್ಲಿ?”

“ಯಾವ ಕಾಯೋದು?”

“ಎಲ್ಲಾರೂ ಒಂದೇಟ್ಗೆ ನೀರ್ ಬುಟ್ರೆ ಮೋರಿ ಕಟ್ಕತದೆ, ಕಾಯ್ತೀವಿ. ಎಲ್ಲಾರೂ ಒಂದೇಟ್ಗೆ ಹಬೆ ತಿರುಗ್ಸಿದ್ರೆ ಯಾವ ನೀರೂ ಕಾಯಲ್ಲ, ಕಾಯ್ತೀವಿ. ಫಿಟ್ಟರಣ್ಣ ಒಬ್ನೇಯ, ಅವ್ನ್ಗೂ ಕಾಯ್ತೀವಿ. ನಿಮ್ ಬೋರ್ಡ್‌ನಾಗೆ ನಾವು ಸುಮ್ಕೆ ನಿಂತಿರಾದು ಎಲ್ಲೂ ಕಾಣಲ್ವಲ್ಲ!”

ಕಾಲೇಜಿನಲ್ಲಾದರೆ ಈ ಹೊತ್ತಿಗೆ ಗಂಟೆ ಬಾರಿಸುತ್ತಿದ್ದರು. ಇಲ್ಲಿ ಯಾರೂ ಬಾರಿಸಲಿಲ್ಲ. ಸೋತೆನೆಂದು ಒಪ್ಪಲು ಮನಸ್ಸು ಬಾರದೆ ಪಂಥ ಕಟ್ಟಿದೆ: ಬಸ್ಸು ಹೊರಡುವುದರೊಳಗೆ ಹದಿನಾರೂ ಮುಗಿದರೆ ಮುಂದಿನ ಸಲ ತೊಟ್ಟಿಗಳನ್ನೆಲ್ಲ ನಾನೇ ಉಜ್ಜುತ್ತೇನೆ. ಹೆಂಗಸರು ನಕ್ಕ ನಗುವಿಗೆ ಬಾಯ್ಲರಿನವನು ಏನು ಒಡೆಯಿತೆಂದು ಓಡಿಬಂದ.

ಫಿಟ್ಟರು ಗೋಪಿನಾಥಂ ಕಡೆಯವನು, ಮಾತು ಅರ್ಧ ತಮಿಳು. ಸ್ಪ್ಯಾನರ್ ಇದ್ದದ್ದು ಒಂದೇ, ಅದು ಸದಾ ಅವನ ಸೊಂಟದಲ್ಲಿ. “ಅದನ್ನು ಇವರಿಗೂ ಕೊಟ್ಟರೆ...” ಎಂದು ಶುರುಮಾಡಿದೆ.

“ಅದ ಮಾತ್ರ ಕೇಳಬ್ಯಾಡ ತಂಬಿ. ಹೆಂಡ್ತಿ ಬಿಟ್ಟು ಇರ್ತೀನಿ, ಇದ ಬಿಟ್ಟು ಇರಲ್ಲ.”

“ಕೊಡ್ಬ್ಯಾಡ ಬುಡಣ್ಣ,” ಎಂದಳು ಹಿರಿಯಕ್ಕ. “ಒಂದ್ನೇದ್ರಿಂದ ಹದಿನಾರಕ್ಕೆ ನೆಟ್ಟಗೆ ನಡ್ಕಂಡೋಗು. ಯಾವಳು ಕೂಗಿದ್ರೂ ತಿರುಗ್ಬ್ಯಾಡ.”

ಗುರುವಾರ ಬಂತು. ಮಧ್ಯಾಹ್ನ ಊಟ ಮಾಡುತ್ತಲೇ ಅವರು ಬಟನ್‌ಗಳನ್ನು ತೊಳೆದು, ಸಾಲಿನ ಕ್ರಮದಲ್ಲೇ ದಾರಕ್ಕೆ ಹೂವಿನಂತೆ ಪೋಣಿಸಿಟ್ಟರು. ಅದೂ ನನ್ನ ಲೆಕ್ಕದಲ್ಲಿರಲಿಲ್ಲ. ರಾಟೆ ನಿಲ್ಲುವ ಮೊದಲೇ ಮಾಡಿಡಬಹುದಾದ ಕೆಲಸವನ್ನು ಇಷ್ಟು ದಿನ ನಿಂತ ಮೇಲೆ ಮಾಡುತ್ತಿದ್ದರಲ್ಲ! ನಾಲ್ಕಕ್ಕೆ ರಾಟೆ ನಿಂತಿತು. ನೀರು ಬಿಡುವವರಿಬ್ಬರು, ಒಂದಾದ ಮೇಲೆ ಒಂದು, ಮೋರಿ ಕಟ್ಟದಂತೆ. ಅವರ ಬೆನ್ನಿಗೆ ತೆಂಗಿನ ನಾರು ಹಿಡಿದು ಉಜ್ಜುವವರು ಆರು ಜನ. ಅವರ ಹಿಂದೆ ಬಟನ್ ಬದಲಿಸುವವರು ನಾಲ್ವರು, ಅವರ ಹಿಂದೆ ಸ್ಪ್ಯಾನರ್ ಹಿಡಿದ ಫಿಟ್ಟರು, ಅವನ ಹಿಂದೆ ಹೊಸ ನೀರು ತುಂಬಿ ಹಬೆ ಬಿಡುವ ಮೂವರು. ಕಟ್ಟಕಡೆಗೆ ಕೂಸಿನ ತಾಯಿ. ಅವಳೊಬ್ಬಳೇ ಹದಿನಾರಕ್ಕೂ ಎಳೆ ಹಿಡಿಯುವವಳು. ಕೊನೆಯ ತೊಟ್ಟಿ ಉಜ್ಜುತ್ತಿರುವಾಗ ಮೊದಲನೆಯದರಲ್ಲಿ ಆಗಲೇ ಹಬೆ ಏಳುತ್ತಿತ್ತು.

ಜೊತೆಗೆ ಹಾಡು! ನಾಟಿಯ ದಾಟಿಗೆ ಹಿರಿಯಕ್ಕ ಸ್ಥಳದಲ್ಲೇ ಕಟ್ಟಿದ್ದು:

“ಆಗಲ್ಲ ಅಂದೋರು ಎಲ್ಲವ್ರೆ?”

ಸಾಲು ಪೂರ್ತಿ, ಬಟ್ಟೆ ಒಗೆಯುವ ಲಯದಲ್ಲಿ: “ಗಡಿಯಾರ ಇಡ್ಕಂಡು ಅಲ್ಲವ್ರೆ!”

ನಾನು ಅಲ್ಲೇ ಇದ್ದೆ, ಗಡಿಯಾರವನ್ನೇ ಹಿಡಿದಿದ್ದೆ. ಟಿಕ್ ಹಾಕುತ್ತಾ ಹಾಕುತ್ತಾ ನನ್ನ ಕಾಲೂ ತಾಳ ಹಾಕುತ್ತಿರುವುದು ಎಷ್ಟೋ ಹೊತ್ತಿನ ಮೇಲೆ ತಿಳಿಯಿತು. ಎಂಟು, ಒಂಬತ್ತು, ಹತ್ತು. ನಾನು ಸೋಲುತ್ತಿದ್ದೆ, ಜೀವಮಾನದಲ್ಲಿ ಅಂಥ ಉಲ್ಲಾಸ ಕಂಡಿರಲಿಲ್ಲ. ಹನ್ನೊಂದನೆಯದರಲ್ಲಿ ಬೆಲ್ಟು ಜಾರಿತು. ಫಿಟ್ಟರು ತಮಿಳಿನಲ್ಲಿ ಅದರ ವಂಶವನ್ನೆಲ್ಲ ಬೈದು ಮತ್ತೆ ಕಟ್ಟಿದ. ಹದಿನಾಲ್ಕು, ಹದಿನೈದು. ಹದಿನಾರನೆಯದರ ನೀರು ಇನ್ನೂ ಕಾಯಬೇಕಿತ್ತು.

ಗೇಟಿನಲ್ಲಿ ಹಾರ್ನ್ ಕೇಳಿಸಿತು.

ಹಾಡು ನಿಂತಿತು. ಕೂಸಿನ ತಾಯಿ ಕೊನೆಯ ಬೇಸಿನ್ನಿನ ಮೇಲೆ ಬಾಗಿದ್ದಳು. ನೀರಿಗೆ ಬೆರಳು ಅದ್ದಿ ನೋಡಿ, ಇಲ್ಲ ಎಂದು ತಲೆಯಾಡಿಸಿದಳು. “ಓಗು ನೀನು,” ಎಂದು ನಾಲ್ಕು ಜನ ಕೂಗಿದರು. ಅವಳು ಅಲ್ಲಾಡಲಿಲ್ಲ. ಹಿರಿಯಕ್ಕ ನನ್ನ ಕಡೆ ತಿರುಗಿದಳು.

“ಸಾ, ನಿಮ್ ಬಾಯ್ಗೂ ಕೆಲ್ಸ ಬಂತು. ಓಡಿ!”

ಓಡಿದೆ. ಬಸ್ಸಿನ ಫುಟ್‌ಬೋರ್ಡ್ ಮೇಲೆ ಕಾಲಿಟ್ಟು, ಸೀಟಿ ಊದಲು ಬಾಯಿಗಿಟ್ಟಿದ್ದ ಕಂಡಕ್ಟರನನ್ನು ಕೇಳಿದೆ: “ಟೈಮ್ ಎಷ್ಟು?”

“ಐದೂವರೆ. ಹತ್ತೋದಾರೆ ಹತ್ತಿ.”

“ನನ್ನದರಲ್ಲಿ ಐದು ಇಪ್ಪತ್ತೇಳು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವವರು ಯಾರು?”

“ನಾನು!”

“ನೀವು ಕಕ್ಷಿದಾರರು. ನಿಮ್ಮ ಗಡಿಯಾರದ ಪರ ನೀವೇ ತೀರ್ಪು ಕೊಡುವುದು ನ್ಯಾಯವೇ?”

“ಏನ್ಲಾ ಅದು?” ಎಂದು ಮುಂದಿನಿಂದ ಡ್ರೈವರು ಕೂಗಿದ.

“ಟೈಮ್ ಅಂದ್ರೆ ಏನು ಅಂತ ಕೇಳ್ತಾವ್ರೆ ಕಣಣ್ಣ!”

ಹನೂರಿಗೆ ಹೊರಟಿದ್ದ ಒಬ್ಬ ಮುದುಕ, ಮಡಿಲಲ್ಲಿ ಎರಡು ಕೋಳಿ ಹಿಡಿದವನು, ಕಿಟಕಿಯಿಂದ ಇಣುಕಿ ಸೂರ್ಯನನ್ನು ನೋಡಿ, “ಇನ್ನೂ ಐದೂಕಾಲು ಆಗಿಲ್ಲ,” ಎಂದು ಮೂರನೆಯ ತೀರ್ಪು ಕೊಟ್ಟ. ಅವನ ಪಕ್ಕದವನು ಆರಾಯಿತು ಎಂದ. ಬಸ್ಸು ಎರಡು ಪಕ್ಷವಾಯಿತು. ಕೋಳಿಗಳೂ ಸೇರಿಕೊಂಡವು. ಅಲ್ಲಿಯವರೆಗೆ ನಾನು ಮಾಡಿದ ವಾದಗಳೆಲ್ಲ ಗೆಲ್ಲುವುದಕ್ಕೆ. ಗೆಲ್ಲುವ ಆಸೆಯೇ ಇಲ್ಲದೆ, ಉದ್ದವಾದರೆ ಸಾಕು ಎಂದು ಮಾಡಿದ ವಾದ ಅದೊಂದೇ. ಕಂಡಕ್ಟರು ಹೇಳಿದ್ದಕ್ಕೆಲ್ಲ “ಒಪ್ಪಿದೆ, ಆದರೆ” ಎಂದೆ. “ಒಪ್ಪಿದೆ”ಗೆ ಅವನು ಸಮಾಧಾನಪಡುತ್ತಿದ್ದ, “ಆದರೆ”ಗೆ ಸೀಟಿ ಕೆಳಗಿಳಿಸುತ್ತಿದ್ದ.

ಅಷ್ಟರಲ್ಲಿ ಗೇಟಿನಿಂದ ಒಂಬತ್ತು ಜನ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಕೈ ಬೀಸುತ್ತಾ ಓಡಿಬಂದರು. ಅವರ ಹಿಂದೆ ಮನೆ ಹತ್ತಿರವಿದ್ದ ಏಳು ಜನವೂ ಓಡಿಬಂದರು, ಕಾರಣವೇ ಇಲ್ಲದೆ. ಕಟ್ಟಕಡೆಗೆ ಸ್ಪ್ಯಾನರ್ ಎತ್ತಿಹಿಡಿದ ಫಿಟ್ಟರು. “ಹದಿನಾರೂ ಆಯ್ತು ಸಾ!” ಎಂದು ಹಿರಿಯಕ್ಕ ಕೂಗಿದಳು. ಬಸ್ಸಿನವರು ಏನಾಯಿತೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಒಂಬತ್ತು ಜನ ನನ್ನನ್ನು ಒಳಕ್ಕೆ ತಳ್ಳಿಕೊಂಡೇ ಹತ್ತಿದರು. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು.

ಬಸ್ಸು ಒಂದು ಫರ್ಲಾಂಗು ಹೋದ ಮೇಲೆ ನೆನಪಾಯಿತು: ನನ್ನ ಮನೆ ಕೊಳ್ಳೇಗಾಲದಲ್ಲಿ.

“ಟಿಕೆಟ್,” ಎಂದ ಕಂಡಕ್ಟರು. ಅವನ ಮುಖದಲ್ಲಿದ್ದ ತೃಪ್ತಿಯನ್ನು ನಾನು ಯಾವ ತೀರ್ಪುಗಾರನ ಮುಖದಲ್ಲೂ ಕಂಡಿಲ್ಲ.

ದಾರಿಯುದ್ದಕ್ಕೂ ಪಂಥದ ವಿಚಾರಣೆ ನಡೆಯಿತು. ಬಸ್ಸು ಹೊರಡಬೇಕಾದ ಹೊತ್ತಿಗೆ ಹದಿನೈದೇ ಮುಗಿದಿದ್ದವು, ನಾನು ತಡೆದದ್ದರಿಂದ ಹದಿನಾರಾಯಿತು, ಆದ್ದರಿಂದ ಪಂಥ ನನ್ನದು ಎಂದೆ.

“ತಡೆದ್ರಲ್ಲ, ಅಂಗಾರೆ ನೀವೂ ಮುಯ್ಯಾಳೇ,” ಎಂದಳು ಹಿರಿಯಕ್ಕ. “ನಮ್ ಕೈ ತಕಂಡು ಬರೀ ಬಾಯಿ ಕೊಟ್ರಿ, ಕೈ ಬಾಕಿ ಅದೆ. ಮುಯ್ಯಿ ತೀರಿಸ್ದೆ ಎದ್ದೋಯ್ತೀರಾ?”

ಮುಂದಿನ ಬದಲಾವಣೆಗೆ ತೆಂಗಿನ ನಾರು ಹಿಡಿದದ್ದು ನಾನೇ ಎಂದು ಇಲ್ಲೇ ಹೇಳಿಬಿಡುತ್ತೇನೆ. ಹದಿನಾರನ್ನೂ ಉಜ್ಜಿದೆ. ಆ ದಿನ ಎಲ್ಲ ಮುಗಿದು ಬಸ್ಸಿಗೆ ಕಾಲು ಗಂಟೆ ಕಾಯಬೇಕಾಯಿತು.

ಆ ಗುರುವಾರ ಮಧುವನಹಳ್ಳಿಯ ನಿಲ್ದಾಣದಲ್ಲಿ ಒಬ್ಬ ಹೆಂಗಸು ಸೊಂಟದ ಮೇಲೆ ಕೂಸು ಹೊತ್ತು ನಿಂತಿದ್ದಳು. ಬೈಗುಳವನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದಾಳೆ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಯಾವ ಮನೆಯಲ್ಲೂ ಇನ್ನೂ ದೀಪ ಹತ್ತಿರಲಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಸೊಸೆ ಧುಮುಕಿದಳು. ಕೂಸು ಅವಳ ಕೈಯ ಹುಳುವಾಸನೆಗೆ ಮೂಗೆತ್ತಿ, ಗುರುತು ಹಿಡಿದು, ಎರಡೂ ಕೈ ಚಾಚಿತು. ಅತ್ತೆಗೆ ಬೈಯಲು ಏನೂ ಉಳಿಯಲಿಲ್ಲ. ಸುತ್ತ ನೋಡಿದಾಗ ಕಂಡದ್ದು ನಾನು, ಪ್ಯಾಂಟು ಹಾಕಿಕೊಂಡು, ಕೈಯಲ್ಲಿ ಟಿಕ್ ಹಾಕುವ ಹಲಗೆ ಹಿಡಿದು, ಕಾರಣವಿಲ್ಲದೆ ನಗುತ್ತಾ ನಿಂತವನು.

“ಇವ್ನ್ಯಾರಮ್ಮಿ?” ಎಂದಳು ಸೊಸೆಯನ್ನು.

ಸೊಸೆ ಕೂಸನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಾ ಹೇಳಿದಳು: “ಆಗಲ್ಲ ಅಂದೋರು ಕಣತ್ತೆ.”

ಕೊಳ್ಳೇಗಾಲದ ಕಡೆಗೆ ಆ ಹೊತ್ತಿನಲ್ಲಿ ಬಸ್ಸಿರಲಿಲ್ಲ. ಅವರು ಇಷ್ಟು ದಿನ ನಡೆದ ದಾರಿಯನ್ನು ನಾನು ಎದುರು ದಿಕ್ಕಿನಲ್ಲಿ ನಡೆದೆ. ಅತ್ತೆಗೆ ಒಂದು ತಕ್ಕ ಉತ್ತರ ಕೊಡಬೇಕಿತ್ತೆಂದು ದಾರಿಯುದ್ದಕ್ಕೂ ಹುಡುಕಿದೆ. ಊರು ಹತ್ತಿರವಾಗುವ ಹೊತ್ತಿಗೆ ಉತ್ತರ ಬಿಟ್ಟು ಹಾಡು ಹೇಳುತ್ತಿದ್ದೆ, ಎರಡೂ ಸಾಲು ನಾನೇ.