ಯಾರ ಕಡೆಯವಳು ಎಂದು ಕೇಳಿದ ಓಣಿ

ಹುಮನಾಬಾದಿನಲ್ಲಿ ಬಾಡಿಗೆ ಮನೆ ನೋಡಲು ಹೋದ ಮೊದಲ ದಿನ ಮನೆಯೊಡತಿ ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಒಂದೇ ಮಾತು ಕೇಳಿದರು: "ನೀವು ಯಾರ ಕಡಿಯವ್ರು?"

ನಮ್ಮ ಕೊಳ್ಳೇಗಾಲದಲ್ಲಿ ಅದು ಮದುವೆ ಮನೆಯಲ್ಲಿ ಮಾತ್ರ ಕೇಳುವ ಪ್ರಶ್ನೆ. ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂದು ತಿಳಿದುಕೊಂಡು ಎಲೆ ಹಾಕುತ್ತಾರೆ, ಅಷ್ಟೆ. ಇಲ್ಲಿ ಏನು ಉತ್ತರ ಹೇಳಬೇಕೋ ತೋಚದೆ ನಾನು ಗಂಡನ ಮುಖ ನೋಡಿದೆ. ಅವರು ಊರಾಚೆಯ ಕಾರ್ಖಾನೆಯ ಹೆಸರು ಹೇಳಿ, ಅಲ್ಲಿನ ಪರೀಕ್ಷಾ ವಿಭಾಗದಲ್ಲಿ ಕೆಲಸ ಸಿಕ್ಕಿದೆ ಎಂದರು. ಔಷಧಿಗೆ ಬೇಕಾದ ರಾಸಾಯನಿಕ ಮಾಡುವ ಕಾರ್ಖಾನೆ ಅದು. ಆ ಹೆಂಗಸು ಬಾಗಿಲು ಬಿಟ್ಟು ಸರಿದು ನಿಂತರು. "ಕಂಪನಿಯವ್ರಾ? ಕಿರಾಯಿ ಬರೋಬ್ಬರಿ ಕೊಡ್ತೀರಿ, ಬರ್ರಿ," ಎಂದರು. ಕಿರಾಯಿ ಎಂದರೆ ಬಾಡಿಗೆ. ಮನೆ ಸಿಕ್ಕಿತು. ನಗು ಸಿಗಲಿಲ್ಲ.

ಮರುದಿನ ಬೆಳಗ್ಗೆ ಕಿಟಕಿ ತೆಗೆದಾಗ ಎಂಥದೋ ವಾಸನೆ ಒಳಗೆ ಬಂತು. ಹುಳಿ ಬಿದ್ದ ಎಲೆಕೋಸಿಗೆ ಸ್ಪಿರಿಟ್ ಸುರಿದರೆ ಹೇಗಿರುತ್ತದೋ ಹಾಗೆ. ಬಚ್ಚಲು ಕಟ್ಟಿದೆಯೇನೋ ಎಂದು ಮನೆಯೆಲ್ಲ ಮೂಸಿ ನೋಡಿದೆ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಮನೆಯೊಡತಿ ಗುರಮ್ಮ ನನ್ನನ್ನೇ ನೋಡುತ್ತಿದ್ದರು. "ಬಚ್ಚಲ ಅಲ್ಲ. ನಿಮ್ಮ ಕಂಪನಿ," ಎಂದರು. ಬಂದು ಒಂದು ರಾತ್ರಿ ಕಳೆದಿತ್ತು, ಆಗಲೇ ಅದು ನನ್ನ ಕಂಪನಿಯಾಗಿತ್ತು.

ಕೊಳ್ಳೇಗಾಲದ ನಿಮ್ಮಲ್ಲಿ ಎಷ್ಟೋ ಜನ ಫೋನಿನಲ್ಲಿ ಕೇಳಿದ್ದೀರಿ: ಅಲ್ಲೂ ಕನ್ನಡವೇ ತಾನೆ, ಕಷ್ಟವೇನು ಎಂದು. ಕನ್ನಡವೇ. ಆದರೆ ಸಂಬಳ ಇಲ್ಲಿ ಪಗಾರ, ಆಸ್ಪತ್ರೆ ದವಾಖಾನಿ, ಪಟ್ಟಿ ಯಾದಿ. ಮೊದಲ ತಿಂಗಳು ನಾನು ಎಲ್ಲದಕ್ಕೂ ತಲೆಯಾಡಿಸಿ ಬಂದು, ಮನೆಯಲ್ಲಿ ಕೂತು ಯಾವುದಕ್ಕೆ ಒಪ್ಪಿಕೊಂಡೆ ಎಂದು ಯೋಚಿಸುತ್ತಿದ್ದೆ. ಮುದ್ದೆ ತಿಂದು ಬೆಳೆದ ಕೈಗೆ ಜೋಳದ ಹಿಟ್ಟು ಒಲಿಯಲಿಲ್ಲ. ಬಡಿದ ರೊಟ್ಟಿಯೆಲ್ಲ ಅಂಚಿನಲ್ಲಿ ಸೀಳುತ್ತಿತ್ತು. ಒಂದು ದಿನ ಗುರಮ್ಮ ಅಡುಗೆಮನೆಗೇ ಬಂದು, ಕುದಿಯುವ ನೀರು ಹಾಕಿ ಹಿಟ್ಟು ನಾದಿ ತೋರಿಸಿದರು. ಹೆಸರು ಕೇಳಿದ್ದೂ ಅವತ್ತೇ. ಮಾದೇವಿ ಎಂದೆ. "ಮಾದೇವಿ? ಇದು ನಮ್ಮ ಕಲ್ಯಾಣದ ಅಕ್ಕನ ಹೆಸರು!" ಎಂದು ಆಶ್ಚರ್ಯಪಟ್ಟರು. ನಮ್ಮ ಕಡೆ ಬೆಟ್ಟದ ಮಾದಪ್ಪನ ಹೆಸರಲ್ಲಿ ಮನೆಮನೆಗೊಬ್ಬಳು ಮಾದೇವಿ ಇರುತ್ತಾಳೆ ಎಂದು ನಾನು ವಿವರಿಸಲಿಲ್ಲ. ಅವರ ಹೆಸರೆಂದೇ ಇರಲಿ ಅನ್ನಿಸಿತು.

ಗುರಮ್ಮನ ಮನೆಯ ಪಕ್ಕ ಬೇವಿನ ಮರದ ಕಟ್ಟೆ ಇದೆ. ಸಂಜೆಯಾದರೆ ಓಣಿಯವರು ಅಲ್ಲಿ ಸೇರುತ್ತಾರೆ. ಕೊಳ್ಳೇಗಾಲದಲ್ಲಿ ಹೀಗೆ ಸೇರಿದವರು ರೇಷ್ಮೆ ಗೂಡಿನ ಧಾರಣೆಯನ್ನೋ ಮನೆ ಜಗಳವನ್ನೋ ಮಾತಾಡುತ್ತಾರೆ. ಇಲ್ಲಿ ಯಾವ ಪಕ್ಷ ಯಾರನ್ನು ಒಳಗೆ ಹಾಕಿಕೊಂಡಿತು, ಗುತ್ತೇದಾರ ಯಾರ ಪಗಾರ ಹಿಡಿದ, ಯಾವ ತಿರುವಿನಲ್ಲಿ ಯಾರು ಬಿದ್ದರು, ಹೊಗೆ ಯಾವ ದಿಕ್ಕಿಗೆ ಹೋಯಿತು ಎಂದು ಏರುದನಿಯಲ್ಲಿ ವಾದ ನಡೆಯುತ್ತದೆ. ನಾನು ತರಕಾರಿ ಚೀಲ ಹಿಡಿದು ಹಾದುಹೋದರೆ ಮಾತು ಥಟ್ಟನೆ ಮಳೆಯ ಕಡೆ ತಿರುಗುತ್ತಿತ್ತು.

ಐದಾರು ತಿಂಗಳಿಗೆ ಬಸವಕಲ್ಯಾಣದಲ್ಲಿ ಒಂದು ಟೈಪಿಂಗ್ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಊರಲ್ಲಿ ಹತ್ತು ವರ್ಷ ಮಾಡಿದ್ದೂ ಅದೇ ಕೆಲಸ. ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಅಂಗಡಿಗೆ ಬರುವವರು ಅರ್ಜಿ ಬರೆಸಲು ಬರುವವರು. ಅವರ ಬಾಯಿಯ ಮಾತನ್ನು ಕೇಳಿ ಕಾಗದದ ಭಾಷೆಗೆ ತರುತ್ತ ತರುತ್ತ ನನಗೆ ಇಲ್ಲಿಯ ಕನ್ನಡ ಬಂತು. ಗುರಮ್ಮನಿಗೆ ಇದು ಗೊತ್ತಾದ ಮೇಲೆ ಒಂದು ಭಾನುವಾರ ಬೆಳಗ್ಗೆ ನನ್ನನ್ನು ಕಟ್ಟೆಗೆ ಕರೆದರು. ಹೊಗೆಯ ಬಗ್ಗೆ ಸರ್ಕಾರಕ್ಕೆ ಒಂದು ಮನವಿ ಕೊಡುವ ಮಾತು ನಡೆದಿತ್ತು.

ಎದುರು ಮನೆಯ ಬಾಬುರಾವ್ ಮೊದಲೇ ಸಿಡುಕಿದರು. ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಎಲ್ಲರಿಗೂ ಅವರು ಕಾಕಾ. "ಎಲೆಕ್ಷನ್ ಬಂದಾಗ ಈ ಮಂದೀಗಿ ಹೊಗಿ ಕಾಣಸ್ತದ. ಎಲೆಕ್ಷನ್ ಮುಗದ ಮ್ಯಾಗ ಎಲ್ಲಾರ ಮೂಗೂ ಬಂದ್ ಆಗ್ತಾವ."

"ನಿಮ್ಮ ಮೂಗ ಬಂದ್ ಆಗಬಹುದು ಕಾಕಾ," ಎಂದಳು ಅಂಬಿಕಾ. ಓಣಿಯ ಕೊನೆಯ ಮನೆಯವಳು, ಅದೇ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಚೀಲ ತುಂಬುತ್ತಿದ್ದಳು. "ನಾ ದಿನಾ ಅದರೊಳಗೇ ನಿಂದರ್ತೀನಿ. ಸಂಜೀಕ ಕೆಮ್ಮಿದ್ರ ಹಳದಿ ಬೀಳ್ತದ. ಪಗಾರ ಕೇಳಿದ್ರ ಗುತ್ತೇದಾರನ್ನ ಕೇಳು ಅಂತಾರ, ಗುತ್ತೇದಾರ ಕಂಪನೀನ ಕೇಳು ಅಂತಾನ. ಕೈಯಾಗ ಒಂದ್ ಚೀಟಿ ಸೈತ ಇಲ್ಲ."

"ಬರೀಬ್ಯಾಡ್ರಿ," ಎಂದ ಅವಳ ಗಂಡ ರೇವಣಪ್ಪ. "ಬರದ್ರ ಇದ್ದ ಪಗಾರನೂ ಹೋಗ್ತದ."

ಗುರಮ್ಮ ಅವನ ಕಡೆ ತಿರುಗಿದರು. ರೇವಣಪ್ಪನದು ಕುರಿ ಸಾಕುವ ಮನೆತನ. ಹಂಗಾಮಿನಲ್ಲಿ ಅವನು ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಗುರಮ್ಮ ಹೇಳಿದರು: "ಹೊಗಿ ಇರ್ಲಿ, ಮದಲ ರೋಡ್ ಬರೀರಿ. ನನ್ನ ತಮ್ಮ ಮೋರಖಂಡಿ ರೋಡಿನಾಗ ಕಾಲ ಮುರಕೊಂಡು ಮಲಗ್ಯಾನ. ಮುಂದ ಕಬ್ಬಿನ ಟ್ರ್ಯಾಲಿ ನಿಂತದ, ಹಿಂದ ಒಂದ್ ಕೆಂಪ ದೀಪ ಇಲ್ಲ. ಮೋಟರ್ ಸೈಕಲ್ ಸೀದಾ ಹೋಗಿ ಬಡೀತು."

"ಅದು ನನ್ನ ಗಾಡಿ ಅಲ್ರಿ ಅಕ್ಕಾ."

"ನಿನ್ನ ಗಾಡಿಗರ ದೀಪ ಅದ ಏನು?"

ರೇವಣಪ್ಪ ನೆಲ ನೋಡಿದ. "ಮಾಲಕ ಹಾಕ್ಸಂಗಿಲ್ಲ. ಖೇಪಿನ ಲೆಕ್ಕದಾಗ ಕೊಡ್ತಾನ. ದೀಪ ಕಟ್ಕೋತ ಕೂತ್ರ ಸರತಿ ತಪ್ತದ." ಖೇಪು ಎಂದರೆ ಒಂದು ಸಲ ಹೇರಿ ಹೋಗಿ ಬರುವುದು.

ಕೊನೆಗೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಬರೆಯುವುದೆಂದಾಯಿತು. ಬರೆಯುವವಳು ನಾನು ಎಂದಾಗ ಬಾಬುರಾವ್ ನನ್ನೆದುರಿಗೇ ಹೇಳಿದರು: "ಇವರ ಯಜಮಾನ್ರು ಕಂಪನಿಯಾಗ ಅದಾರ."

"ಅಕಿ ಬರೇ ಟೈಪ್ ಮಾಡ್ತಾಳ," ಎಂದರು ಗುರಮ್ಮ. ಅವರ ದನಿಯಲ್ಲೂ ಪೂರ್ತಿ ನಂಬಿಕೆ ಇರಲಿಲ್ಲ.

ಟೈಪ್ ಮಾಡಿದೆ. ಮೂರು ಹಾಳೆ ತುಂಬ ಸಹಿ, ಹೆಬ್ಬೆಟ್ಟು ಬಿದ್ದವು. ಅಂಬಿಕಾ ಮತ್ತು ಅವಳ ಜೊತೆ ಕೆಲಸ ಮಾಡುವ ಇನ್ನಿಬ್ಬರು ಹೆಂಗಸರೂ ಸಹಿ ಹಾಕಿದರು. ನಾನು ಹಾಕಲಿಲ್ಲ, ಯಾರೂ ಕೇಳಲೂ ಇಲ್ಲ. ಬಾಬುರಾವ್ ಬಸವಕಲ್ಯಾಣಕ್ಕೆ ಬಂದು ಅಲ್ಲಿನ ಉಪವಿಭಾಗದ ಕಚೇರಿಗೆ ಕೊಟ್ಟು, ನಮ್ಮ ಪ್ರತಿಯ ಮೇಲೆ ಗುಂಡು ಮೊಹರು ಹಾಕಿಸಿಕೊಂಡರು. ಮನೆಯಲ್ಲಿ ನನ್ನ ಗಂಡ ಶಿವಮಲ್ಲುವಿಗೆ ನಾನು ಈ ವಿಷಯ ಹೇಳಲಿಲ್ಲ.

ಮೂರು ವಾರದ ಮೇಲೆ ಕಾರ್ಖಾನೆಯ ಗೇಟಿನಲ್ಲಿ ಆ ಮೂವರನ್ನೂ ನಿಲ್ಲಿಸಿದರು. ನಿಮ್ಮ ಹೆಸರು ಅರ್ಜಿಯಲ್ಲಿದೆ, ನಾಳೆಯಿಂದ ಬರಬೇಡಿ ಎಂದು ಗುತ್ತೇದಾರನ ಕಡೆಯವನು ಹೇಳಿದನಂತೆ.

ಅವತ್ತು ಸಂಜೆ ನಾನು ಬಸ್ಸಿಳಿದು ಬರುವಾಗ ಕಟ್ಟೆಯ ಮಾತು ಮಳೆಯ ಕಡೆಗೂ ತಿರುಗಲಿಲ್ಲ, ನಿಂತೇಹೋಯಿತು. ದಿನವೂ ಮಜ್ಜಿಗೆ ಕಳಿಸುತ್ತಿದ್ದ ಗುರಮ್ಮ ಅವತ್ತು ಕಳಿಸಲಿಲ್ಲ. ಬಸ್ಸಿನಲ್ಲಿ ನನಗೆಂದು ಜಾಗ ಹಿಡಿಯುತ್ತಿದ್ದ ಹೆಂಗಸು ಮರುದಿನ ಆ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಳು. ಎರಡನೆಯ ದಿನ ಅಂಬಿಕಾ ನನ್ನ ಬಾಗಿಲಿಗೆ ಬಂದಳು. ಒಳಗೆ ಕರೆದರೆ ಬರಲಿಲ್ಲ.

"ಅಕ್ಕಾ, ಖರೆ ಹೇಳ್ರಿ. ಯಾದಿ ನೀವು ಕೊಟ್ಟೀರೇನು?"

"ಇಲ್ಲ ಅಂಬಿಕಾ."

"ನಿಮ್ಮ ಯಜಮಾನ್ರು?"

ಇಲ್ಲ ಎನ್ನಲು ಬಾಯಿ ತೆರೆದೆ. ಗೊತ್ತಿಲ್ಲ ಎಂದುಬಿಟ್ಟೆ. ಅವಳು ಹೊರಟುಹೋದಳು.

ಅಲ್ಲಿಂದ ನನ್ನ ತಲೆಯೂ ಕೆಟ್ಟಿತು. ಅರ್ಜಿ ಒಯ್ದವರು ಬಾಬುರಾವ್, ದಾರಿಯಲ್ಲಿ ಯಾರಿಗೆ ತೋರಿಸಿದರೋ ಅನ್ನಿಸಿತು. ಅವರ ಅಣ್ಣನ ಮಗ ಗುತ್ತೇದಾರನ ಬಳಿ ಇದ್ದಾನೆಂದು ಯಾರೋ ಹೇಳಿದ್ದು ನೆನಪಾಯಿತು. ಗುರಮ್ಮ ಯಾಕೆ ನನ್ನನ್ನೇ ಕರೆದರು, ಬೇಕೆಂದೇ ಸಿಕ್ಕಿಸಿದರೇ ಎಂದೂ ಯೋಚಿಸಿದೆ. ಟೈಪ್ ಮಾಡಿದ ಪ್ರತಿಯನ್ನು ಮನೆಯ ಮೇಜಿನ ಮೇಲೆ ಒಂದು ದಿನ ಬಿಟ್ಟಿದ್ದೆನಲ್ಲ, ಅದೂ ಕಾಡಿತು. ಭಾನುವಾರ ಶಿವಮಲ್ಲು ಸ್ನಾನಕ್ಕೆ ಹೋದಾಗ, ಮದುವೆಯಾದ ಮೇಲೆ ಮೊದಲ ಸಲ ಅವರ ಫೋನು ತೆಗೆದು ನೋಡಿದೆ.

ಚಿತ್ರ ಅಲ್ಲೇ ಇತ್ತು. ನಾನು ಟೈಪ್ ಮಾಡಿದ ಮೊದಲ ಪುಟ, ಹಿಂದೆಯೇ ಸಹಿಗಳ ಪುಟ.

ತಲೆ ಒರೆಸುತ್ತ ಹೊರಗೆ ಬಂದವರಿಗೆ ಫೋನು ತೋರಿಸಿದೆ. ಅವರು ಅಲ್ಲೇ ಕೂತುಬಿಟ್ಟರು.

"ನಮ್ ಆಫೀಸ್ನೋರು ಎಲ್ಲಾರ್ಗೂ ಕಳ್ಸವ್ರೆ. ಬರ್ದೋರು ಯಾರು ಗೊತ್ತಾ ಅಂದ್ರು. ಗೊತ್ತಿಲ್ಲ ಅಂದೆ."

"ಗೊತ್ತಿತ್ತಾ?"

"ಹತ್ತೊರ್ಸದಿಂದ ನಿನ್ ಅರ್ಜಿಗುಳ್ನ ನೋಡ್ತಾ ಇವ್ನಿ ಕಣಮ್ಮಿ. 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಅಂತ ನೀನಲ್ದೆ ಇನ್ಯಾರು ಬರ್ದಾರು?"

"ನನ್ನ ಯಾಕೆ ಕೇಳಲಿಲ್ಲ?"

"ನೀನ್ಯಾಕ್ ಹೇಳ್ನಿಲ್ಲ?"

ಒಂದೇ ಮನೆಯಲ್ಲಿ ಉಂಡು ಮಲಗುತ್ತ ಇಬ್ಬರೂ ಅಷ್ಟು ದಿನ ಒಬ್ಬರಿಗೊಬ್ಬರು ಕಾವಲಿದ್ದೆವು. ಅವರ ಮಾತನ್ನು ನಂಬಬೇಕೆನ್ನಿಸಿತು, ಆದರೆ ಅನ್ನಿಸಿದ್ದಷ್ಟೇ ಸಾಲದಾಗಿತ್ತು. ಚಿತ್ರವನ್ನು ದೊಡ್ಡದು ಮಾಡಿ ಮತ್ತೆ ನೋಡಿದೆ. ಮೇಲ್ತುದಿಯಲ್ಲಿ ಹಸಿರು ಶಾಯಿಯಲ್ಲಿ ಒಂದು ಸಂಖ್ಯೆ, ಪಕ್ಕದಲ್ಲಿ ಯಾರದೋ ಚಿಕ್ಕ ಸಹಿ. ನಮ್ಮ ಪ್ರತಿಯಲ್ಲಿ ಅದಿಲ್ಲ, ಗುಂಡು ಮೊಹರು ಮಾತ್ರ ಇದೆ. ನಾನು ಮೇಜಿನ ಮೇಲೆ ಬಿಟ್ಟಿದ್ದ ಹಾಳೆಯಲ್ಲಿ ಸಹಿಗಳೇ ಇರಲಿಲ್ಲ. ಹಾಗಿದ್ದರೆ ಇದು ಕಚೇರಿಯೊಳಗಿನ ಪ್ರತಿ.

ಎದುರು ಮನೆಗೆ ಹೋಗಿ ಬಾಬುರಾವ್‌ಗೆ ಹೇಳಿದೆ: "ಕಾಕಾ, ನಾಳೆ ನನ್ನ ಜೊತೆ ಕಚೇರಿಗೆ ಬರಬೇಕು. ನಾನು ಒಬ್ಬಳೇ ಹೋಗಿ ಬಂದು ಹೇಳಿದರೆ ನೀವು ನಂಬುವುದಿಲ್ಲ. ನೀವು ಒಬ್ಬರೇ ಹೋದರೆ ನಾನು ನಂಬುವುದಿಲ್ಲ." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮುಂಜಾನಿ ಬಸ್ಸಿಗಿ," ಎಂದರು.

ಕಚೇರಿಯ ಗುಮಾಸ್ತ ಒಳ್ಳೆಯ ಮನುಷ್ಯ. ಕೂರಿಸಿ ನೀರು ಕೊಟ್ಟ. ಕಡತ ತೆಗೆದು, ಮುಚ್ಚುಮರೆಯಿಲ್ಲದೆ ಹೇಳಿದ: "ನಿಮ್ಮ ಅರ್ಜಿ ಮ್ಯಾಲ ಕೆಲಸ ನಡದದ್ರಿ. ಕಂಪನಿಯವ್ರ ಉತ್ತರ ಕೇಳಿ ಪತ್ರ ಬರದೀವಿ. ಅರ್ಜಿ ಪ್ರತಿ ಜೋಡ್ಸಿ ಕಳ್ಸೀವಿ."

"ಹೆಸರು ಸೈತ?" ಎಂದರು ಬಾಬುರಾವ್.

"ಅರ್ಜಿ ಅಂದ ಮ್ಯಾಗ ಹೆಸರು ಇರ್ತಾವಲ್ರಿ ಕಾಕಾ."

ಅವನಿಗೆ ಏನಾಯಿತೆಂದು ಗೊತ್ತೇ ಇರಲಿಲ್ಲ. ಮೂವರು ಹೆಂಗಸರ ಕೆಲಸ ಹೋಗಿದೆ ಎಂದಾಗ ಕಡತ ತಿರುವಿ, ತಾನು ಕಳಿಸಿದ ಪತ್ರವನ್ನೇ ಮತ್ತೆ ಓದಿದ. ಚಾಡಿ ಹೇಳಿದವರು ಯಾರೂ ಇರಲಿಲ್ಲ. ಟಪಾಲು ತನ್ನ ಪಾಡಿಗೆ ಹೋಗಿತ್ತು, ನಾವು ಇಲ್ಲಿ ಒಬ್ಬರ ಮುಖ ಒಬ್ಬರು ಹುಡುಕುತ್ತಿದ್ದೆವು.

ಅವತ್ತು ಅಂಗಡಿಗೆ ರಜೆ ಹೇಳಿ ಅವರ ಜೊತೆಗೇ ಬಸ್ ಹತ್ತಿದೆ. ಬಂಗ್ಲಾ ಕ್ರಾಸ್ ದಾಟಿದ ಮೇಲೆ ಬಾಬುರಾವ್ ನನ್ನ ಕಡೆ ತಿರುಗಿದರು. "ನಾ ನಿಮ್ಮ ಮ್ಯಾಗೇ ಸಂಶೇ ಮಾಡಿದ್ದೆ," ಎಂದರು.

"ನಾನೂ ನಿಮ್ಮ ಮೇಲೇ ಮಾಡಿದ್ದೆ ಕಾಕಾ."

"ನನ್ನ ಮ್ಯಾಗ?" ಅವರಿಗೆ ನಿಜಕ್ಕೂ ನೋವಾಗಿತ್ತು. ಊರು ಮುಟ್ಟುವವರೆಗೆ ಕಿಟಕಿಯಾಚೆ ನೋಡುತ್ತ ಕೂತರು.

ಕಟ್ಟೆಯಲ್ಲಿ ಅವರೇ ಎಲ್ಲರಿಗೂ ವಿಷಯ ಹೇಳಿದರು. ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಸರಿ ಹೋಗಲಿಲ್ಲ. ರೇವಣಪ್ಪ ಕೇಳಿದ: "ಗುಮಾಸ್ತ ಹೇಳಿದ್ದು ಖರೆ ಅಂತ ಯಾರ ಹೇಳ್ತಾರ?" ಒಬ್ಬಿಬ್ಬರು ತಲೆಯಾಡಿಸಿದರು. ಗುರಮ್ಮ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನ ಬಾಗಿಲಲ್ಲಿ ಮಜ್ಜಿಗೆಯ ತಂಬಿಗೆ ಇತ್ತು, ತಂದಿಟ್ಟವರು ಕಾಣಲಿಲ್ಲ.

ಪಗಾರದ ವಿಷಯಕ್ಕೆ ಬೇರೆಯೇ ಅರ್ಜಿ ಬರೆದು, ಆ ಮೂವರನ್ನೂ ಕರೆದುಕೊಂಡು ನಾನೂ ಬಾಬುರಾವ್ ಕಾಕಾನೂ ಕಾರ್ಮಿಕರ ಕಚೇರಿಗೆ ಅಲೆದೆವು. ಎರಡು ತಿಂಗಳ ಮೇಲೆ ಇಬ್ಬರನ್ನು ವಾಪಸು ಕರೆದರು. ಅಂಬಿಕಾಳನ್ನು ಕರೆಯಲಿಲ್ಲ. ಹೆಚ್ಚು ಮಾತಾಡಿದವಳು ಅವಳೇ ಎಂಬ ಸುದ್ದಿ ಅದು ಹೇಗೋ ಒಳಗೆ ಹೋಗಿತ್ತು, ಅದನ್ನು ಒಯ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವಳೀಗ ಚಿಟಗುಪ್ಪದ ಸಂತೆಯಲ್ಲಿ ತರಕಾರಿ ಮಾರುತ್ತಾಳೆ. ಕೆಮ್ಮು ಕಡಿಮೆಯಾಗಿದೆ ಎನ್ನುತ್ತಾಳೆ, ಕೈಯೂ ಖಾಲಿಯಾಗಿದೆ ಎನ್ನುತ್ತಾಳೆ. ರೇವಣಪ್ಪ ಮಾಲೀಕನಿಗೆ ಕಾಯದೆ ತಾನೇ ಕೆಂಪು ಹೊಳೆಯುವ ಪಟ್ಟಿ ತಂದು ಟ್ರ್ಯಾಲಿಯ ಹಿಂದೆ ಅಂಟಿಸಿದ್ದಾನೆ. ಗುರಮ್ಮ ಅದನ್ನು ಕೈಯಲ್ಲಿ ಉಜ್ಜಿ ನೋಡಿ ಬಂದರು, ಗಟ್ಟಿಯಾಗಿ ಕೂತಿದೆಯೋ ಎಂದು.

ಹೊಗೆ ಅಳೆಯಲು ಅಧಿಕಾರಿಗಳು ಒಂದು ದಿನ ಯಂತ್ರ ತಂದರು. ಅವತ್ತು ಬೆಳಗಿನಿಂದ ಗಾಳಿ ತೊಳೆದಿಟ್ಟಂತಿತ್ತು. "ಹವಾಕ್ಕೂ ಮದಲೇ ನೋಟಿಸ್ ಹೋಗಿತ್ತು ಕಾಣಸ್ತದ," ಎಂದರು ಬಾಬುರಾವ್. ಅಧಿಕಾರಿಗಳು ಹೋದ ಮೂರನೆಯ ದಿನ ವಾಸನೆ ಮರಳಿತು.

ಹೋದ ವಾರ ಮತ್ತೆ ಒಂದು ಅರ್ಜಿ ಬರೆದೆವು. ಕಾರ್ಖಾನೆಯಲ್ಲಿ ದುಡಿಯುವವರು ಯಾರೂ ಸಹಿ ಹಾಕಕೂಡದು, ಉಳಿದವರು ಹಾಕಬೇಕು ಎಂದು ತೀರ್ಮಾನವಾಯಿತು. ಹಿಂದಿನ ರಾತ್ರಿ ಶಿವಮಲ್ಲುವಿಗೆ ಈ ಸಲ ಮೊದಲೇ ಹೇಳಿದೆ. ಅವರು ಉಣ್ಣುತ್ತಿದ್ದರು.

"ನೀನೂ ಹಾಕ್ತಿಯಾ?"

"ಹಾಕಬೇಕು ಅಂತಿದೀನಿ. ನಾನೂ ಅದೇ ಗಾಳಿ ಕುಡೀತಿರೋದು."

"ಕೆಲ್ಸ ಹೋದ್ರೆ ವಾಪಸ್ ಊರ್ಗೇಯ."

ಊರಿನ ಹೆಸರು ಕೇಳಿ ಒಂದು ಕ್ಷಣ ಜೀವ ಹಿಗ್ಗಿತು. ಮರುಕ್ಷಣವೇ, ಅಂಬಿಕಾಳ ಅರ್ಜಿ ಇನ್ನೂ ಕಚೇರಿಯಲ್ಲಿದೆ, ಅದನ್ನು ಯಾರು ಬೆನ್ನು ಹತ್ತುತ್ತಾರೆ ಎನ್ನಿಸಿತು. ಎರಡೂ ನಿಜವೇ. ಅವರು ತಟ್ಟೆಗೆ ನೀರು ಬಿಟ್ಟು ಎದ್ದರು. "ಹಾಕು. ನನ್ ಹೆಸ್ರು ಮಾತ್ರ ಬ್ಯಾಡ."

ಅರ್ಜಿಯ ಹಾಳೆಯಲ್ಲಿ ಗೆರೆ ಎಳೆದಿದ್ದವಳು ನಾನೇ: ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ಸಹಿ. ಕಟ್ಟೆಯ ಮೇಲೆ ಕೂತು ಬರೆದೆ. ಮಾದೇವಿ. ತಂದೆಯ ಹೆಸರಿನ ಜಾಗದಲ್ಲಿ, ಕೊಳ್ಳೇಗಾಲ ಬಿಟ್ಟು ಮೈಸೂರಿನಾಚೆ ಎಂದೂ ಹೋಗದ ನನ್ನ ಅಪ್ಪನ ಹೆಸರು. ವಿಳಾಸದಲ್ಲಿ ಈ ಓಣಿ, ಗುರಮ್ಮನ ಮನೆಯ ನಂಬರು.

ಗುರಮ್ಮ ಹಾಳೆ ತೆಗೆದುಕೊಂಡು ನನ್ನ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು.

"ಮನಿ ನಂದು ಬರದಿ."

"ಹೌದಮ್ಮ. ಇರುವುದು ಅಲ್ಲೇ ಅಲ್ಲವೇ?"

"ನಾಳಿ ನಾ ಖಾಲಿ ಮಾಡು ಅಂದ್ರ?"

ಅವರ ಮುಖ ನೋಡಿದೆ. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಇಷ್ಟು ದಿನವಾದರೂ ಈ ಊರಿನವರ ಮುಖ ಓದಲು ನನಗೆ ಬರುವುದಿಲ್ಲ, ನನ್ನ ಮುಖ ಓದಲು ಅವರಿಗೂ ಬಂದಿಲ್ಲ. ಉತ್ತರಕ್ಕೆ ಕಾಯದೆ ಅವರು ಪೆನ್ನು ಹಿಡಿದು, ನನ್ನ ಹೆಸರಿನ ಕೆಳಗಿನ ಸಾಲಿನಲ್ಲಿ ತಮ್ಮ ಹೆಸರು ಬರೆದರು. ವಿಳಾಸದ ಜಾಗ ಬಂದಾಗ ಕೈ ತಡೆದು, ಮೇಲಿನ ಸಾಲಿನಲ್ಲಿ ನಾನು ಬರೆದದ್ದನ್ನೇ ನೋಡಿ ನೋಡಿ ಇಳಿಸಿಕೊಂಡರು.