ಬತ್ತೀನಿ ಅಂದ ಮಿಸ್ತ್ರಿ

ಗೆಳೆಯರೇ, ಇವತ್ತು ನಾನು ಗುಮಾಸ್ತನಾಗಿರುವ ಮದ್ದೂರಿನ ಅಕ್ಕಿ ಗಿರಣಿ ಒಂದೇ ಒಂದು ಮಾತಿಗೆ ಎರಡು ಗಂಟೆ ನಿಂತುಹೋಯಿತು.

ಹೊಸ ಎಂಜಿನ್ ಕೂರಿಸಲು ಬಂದಿರುವ ಇಂಗ್ಲಿಷ್ ದೊರೆ ಪುಸ್ತಕ ನೋಡಿ ಕನ್ನಡ ಕಲಿತವರು. ಮಧ್ಯಾಹ್ನ ನಮ್ಮ ಮಿಸ್ತ್ರಿ ಕರೀಂ ಸಾಬರು ಹಳೇ ಎಂಜಿನ್ನಿನ ರಿಪೇರಿ ಮುಗಿಸಿ, ಕೈ ಒರೆಸಿಕೊಂಡು, "ಬತ್ತೀನಿ ದೊರೆ" ಎಂದು ಮನೆಗೆ ಹೋದರು. ಮಿಸ್ತ್ರಿ ಈಗಲೇ ವಾಪಸ್ ಬರುತ್ತಾರೆ, ಕೆಲಸ ಇನ್ನೂ ಬಾಕಿ ಇದೆ ಎಂದುಕೊಂಡ ದೊರೆ ಎಂಜಿನ್ ಮುಂದೆ ಕಾದು ಕುಳಿತರು. ಯಾರಿಗೂ ಅದನ್ನು ಮುಟ್ಟಲು ಬಿಡಲಿಲ್ಲ. ಕಿಟಕಿಯ ಬಿಸಿಲಲ್ಲಿ ತೌಡಿನ ಧೂಳು ಚಿನ್ನದ ಹಾಗೆ ತೇಲುತ್ತಿತ್ತು. ಗಿರಣಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನೆಂದೂ ಕೇಳಿರಲಿಲ್ಲ. ಹೊರಗೆ ಭತ್ತದ ಗಾಡಿಗಳ ಎತ್ತುಗಳು ಕಣ್ಣುಮುಚ್ಚಿ ಮೆಲುಕು ಹಾಕುತ್ತಿದ್ದವು. ನನಗೂ ಜೊಂಪು ಹತ್ತಿತು.

ಕಣ್ಣು ಬಿಟ್ಟರೆ ದೊರೆ ಎದುರಿಗೇ ನಿಂತಿದ್ದಾರೆ. "ಮಿಸ್ತ್ರಿ ಸುಳ್ಳುಗಾರ. ನಾಳೆಯಿಂದ ಬೇಡ. ಬರೆ."

ನಾನು ಬರೆಯಲಿಲ್ಲ, ಸಾಬರನ್ನು ಕರೆಸಿದೆ. ಅವರು ನಿದ್ದೆಗಣ್ಣಲ್ಲೇ ಬಂದರು.

"ಮನೆಗೆ ಒಂಟೋನು ಓಯ್ತೀನಿ ಅಂತಾನಾ ಸಾಮಿ? ಬುಡ್ತು ಅನ್ನಿ! ತಿರ್ಗಾ ಬರಂಗಾಗ್ಲಿ ಅಂತ ತಾನೆ ಬತ್ತೀನಿ ಅನ್ನೋದು!"

ಅದನ್ನು ದೊರೆಗೆ ಬಿಡಿಸಿ ಹೇಳಿದೆ. ಅವರು ತೇಲುವ ಧೂಳನ್ನೇ ನೋಡುತ್ತಾ ಆ ಪದವನ್ನು ಎರಡು ಮೂರು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಸಾಬರ ಕೈ ಕುಲುಕಿ, ಎಂಜಿನ್ ಚಾಲೂ ಮಾಡಿಸಿ, ಟೋಪಿ ಎತ್ತಿಕೊಂಡು "ಬರ್ತೀನಿ" ಎಂದು ಹೊರಟರು.

ಬಿಳಿಯರು ದೇಶ ಬಿಟ್ಟು ಹೋಗುತ್ತಾರಂತೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿರುವ ಕಾಲ ನೋಡಿ. ಭತ್ತ ತಂದಿದ್ದ ಕೊತ್ತತ್ತಿಯ ಗೌಡರೊಬ್ಬರು ದೊರೆಯ ಮಾತು ಕೇಳಿಸಿಕೊಂಡು ಗಾಬರಿಯಿಂದ ನನ್ನ ಬಳಿ ಬಂದರು:

"ಗುಮಾಸ್ತ್ರೇ, ಬತ್ತೀನಿ ಅಂದ್ರೆ ಓಯ್ತೀನಿ ಅಂತ್ಲೇ ತಾನೆ? ದೊರೆಗೆ ಸರ್ಯಾಗಿ ಏಳ್ಕೊಟ್ಟಿದ್ದೀರಾ?"