ಟವಲಿನ ಕೆಳಗಿನ ವಯಸ್ಸು

ನಮ್ಮ ದೊಡ್ಡಪ್ಪನಿಗೆ ಹೊಟ್ಟೆಹುಣ್ಣು ಇದೆ ಎಂಬುದು ಹಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು. ನೋವು ಬಂದಾಗ ಅವರು ಜಗಲಿಯ ಕಂಬಕ್ಕೆ ಹೊಟ್ಟೆ ಒತ್ತಿಕೊಂಡು ನಿಲ್ಲುತ್ತಿದ್ದರು. ಬೀದಿಯಲ್ಲಿ ಹೋಗುವವರು, "ಏನಣ್ಣೋ, ಕಂಬ ತಬ್ಕಂಡಿದ್ದೀಯೆ?" ಎಂದು ಕೇಳಿದರೆ, "ಮನೆ ಬಿದ್ದೋದದು ಅಂತ ಹಿಡ್ಕಂಡಿವ್ನಿ ಕಣ್ಲಾ, ಓಗು ನಿನ್ ಕೆಲ್ಸ ನೋಡು" ಎನ್ನುತ್ತಿದ್ದರು. ಆಮೇಲೆ ಒಂದು ಚಿಟಿಕೆ ಸೋಡಾ ಪುಡಿಯನ್ನು ನೀರಿಗೆ ಹಾಕಿ ಕುಡಿದು, ಪಕ್ಕದ ಬೀದಿಗೂ ಕೇಳುವಂತೆ ತೇಗಿ, ಸಂತೆಗೆ ಹೊರಟುಬಿಡುತ್ತಿದ್ದರು.

ಅವರು ದನದ ದಳ್ಳಾಳಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವರ ಕೆಲಸ. ಆ ವ್ಯಾಪಾರದ ರೀತಿಯನ್ನು ಇಲ್ಲಿ ಹೇಳಲೇಬೇಕು. ದನದ ಸಂತೆಯಲ್ಲಿ ಬಾಯಿಂದ ಹೇಳುವ ಬೆಲೆ ಸುತ್ತ ನಿಂತು ಕೇಳುವವರಿಗೆ. ನಿಜವಾದ ಬೆಲೆ ಹೇಳಬೇಕಾದರೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು, ಮೇಲೆ ಟವಲು ಮುಚ್ಚಿ, ಬೆರಳು ಅದುಮುತ್ತಾರೆ. ಬಾಯಲ್ಲಿ ಎಷ್ಟು ಸುಳ್ಳು ಹೇಳಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಟವಲಿನ ಕೆಳಗೆ ಸುಳ್ಳು ಹೇಳಿದವನಿಗೆ ಮಾತ್ರ ಮುಂದಿನ ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ. ದೊಡ್ಡಪ್ಪ ಬಾಯಲ್ಲಿ ಮುದಿ ಎತ್ತನ್ನು ಹೋರಿ ಮಾಡುತ್ತಿದ್ದರು. ಬೆರಳಲ್ಲಿ ಮಾತ್ರ ಅವರಷ್ಟು ಸತ್ಯವಂತರು ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ಅವರು ಕಾಫಿ ಗಸಿಯಂಥದ್ದನ್ನು ವಾಂತಿ ಮಾಡಿದರು, ಆಮೇಲೆ ಕೆಂಪಗೇ ಬಂತು. ಗುಂಡ್ಲುಪೇಟೆಯ ತನಕ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋದೆವು. ಅಲ್ಲಿಯ ಕಾಂಪೌಂಡರು ನೋಡಿದವನೇ, "ಇದು ರಕ್ತ ಕಣ್ರಪ್ಪಾ, ತಡ ಮಾಡ್ಬೇಡಿ, ಚಾಮರಾಜನಗರಕ್ಕೆ ಓಗಿ" ಎಂದ. ಬಸ್ಸು ಆಗತಾನೆ ಹೋಗಿತ್ತು. ಈರುಳ್ಳಿ ಲಾರಿಯೊಂದು ಸಿಕ್ಕಿತು. ಮೂಟೆಗಳ ಮೇಲೆ ದೊಡ್ಡಪ್ಪನನ್ನು ಮಲಗಿಸಿ, ತಲೆಯ ಹತ್ತಿರ ದೊಡ್ಡವ್ವ, ಕಾಲ ಹತ್ತಿರ ನಾನು ಕೂತೆವು. ದೊಡ್ಡವ್ವ ಒಂದೇ ಸಮನೆ ಅಳುತ್ತಿದ್ದರು. ಡ್ರೈವರು ದಾರಿಯಲ್ಲಿ ನಿಲ್ಲಿಸಿ ಹಿಂದೆ ಬಂದು ನೋಡಿ, "ಯಾಕವ್ವಾ, ನನ್ನೀರುಳ್ಳಿ ಅಷ್ಟು ಗಾಟಾ?" ಎಂದ. ಮಲಗಿದ್ದ ದೊಡ್ಡಪ್ಪ ಕಣ್ಣು ಬಿಡದೆ, "ಗಾಟೇನಿಲ್ಲ ಕಣ್ಲಾ, ಅರ್ಧ ಕೊಳ್ತೋಗದೆ" ಎಂದರು.

ಜೊತೆಗೆ ನಾನೇ ಹೋದದ್ದಕ್ಕೆ ಕಾರಣವಿತ್ತು. ನಾನು ಮೀಸೆ ಬಂದ ಮೇಲೆ ಸ್ಕೂಲಿಗೆ ಸೇರಿದವನು. ಆ ವರ್ಷ ಜೀರ್ಣಾಂಗಗಳ ಚಿತ್ರ ಬರೆದು ಮೇಷ್ಟರಿಂದ ಶಹಬಾಸ್ ಅನ್ನಿಸಿಕೊಂಡಿದ್ದೆ. ಹಾಗಾಗಿ ಹೊಟ್ಟೆಯ ವಿಷಯದಲ್ಲಿ ಮನೆಯವರಿಗೆ ನನ್ನ ಮೇಲೆ ನಂಬಿಕೆ.

ಆಸ್ಪತ್ರೆಯ ಡಾಕ್ಟರು ಮಂಗಳೂರು ಕಡೆಯವರು, ವಯಸ್ಸಿನಲ್ಲಿ ಚಿಕ್ಕವರು, ಬಂದು ಹೆಚ್ಚು ದಿನವಾಗಿರಲಿಲ್ಲ. ದೊಡ್ಡಪ್ಪನ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದರು. ಕೈ ಹಿಡಿದ ತಕ್ಷಣ ದೊಡ್ಡಪ್ಪ ಹೆಗಲ ಮೇಲಿದ್ದ ಟವಲನ್ನು ಎಳೆದು ಇಬ್ಬರ ಕೈಗಳ ಮೇಲೂ ಹೊದಿಸಿದರು. ಚಳಿ ಇರಬೇಕೆಂದು ಡಾಕ್ಟರು ಸುಮ್ಮನಿದ್ದರು.

"ಪ್ರಾಯ ಎಷ್ಟು ನಿಮಗೆ?"

"ನಲ್ವತ್ತೈದು ಬುದ್ಧಿ." ಟವಲಿನ ಕೆಳಗೆ ಏನೋ ಅಲ್ಲಾಡಿತು.

"ರಕ್ತ ಎಷ್ಟು ಹೋಯಿತು?"

"ಒಂದ್ ಚಮ್ಚ ಇದ್ದದು." ಟವಲು ಮತ್ತೆ ಅಲ್ಲಾಡಿತು.

"ಹಿಂದೆ ಯಾವಾಗಲಾದರೂ ಹೀಗೆ ಆದದ್ದು ಉಂಟಾ?"

"ಇಲ್ವೇ ಇಲ್ಲ ಬುದ್ಧಿ." ಈ ಸಲ ಡಾಕ್ಟರ ಹುಬ್ಬು ಮೇಲೇರಿತು. "ಎಂತ ಮಾರಾಯ್ರೆ, ನನ್ನ ಬೆರಳು ಬಿಡಿ. ನಾಡಿ ಎಣಿಸುವವ ನಾನು." ಪಕ್ಕದಲ್ಲಿದ್ದ ನರ್ಸಮ್ಮನಿಗೆ, "ಕೈಗೆ ಎಂತದೋ ಸೆಳೆತ ಉಂಟು, ನೋಡಿಕೊಳ್ಳಿ" ಎಂದರು.

ಆಮೇಲೆ ನನ್ನನ್ನು ವರಾಂಡಕ್ಕೆ ಕರೆದು ತಾಳ್ಮೆಯಿಂದ ತಿಳಿಸಿದರು. ಹೊಟ್ಟೆಹುಣ್ಣು ಒಡೆದು ರಕ್ತ ಹೋದವರಲ್ಲಿ ಯಾರು ಉಳಿಯುತ್ತಾರೆ, ಯಾರಿಗೆ ಅಪಾಯ ಎಂದು ಅಂದಾಜು ಮಾಡಲು ಮೊದಲು ವಯಸ್ಸು ಬೇಕು, ಆಮೇಲೆ ಹೋದ ರಕ್ತದ ಅಳತೆ. ವಯಸ್ಸು ಕಡಿಮೆ ಇದ್ದರೆ ಒಡೆದ ರಕ್ತನಾಳ ತಾನಾಗಿ ಮುದುಡಿ ಮುಚ್ಚಿಕೊಳ್ಳುತ್ತದೆ. ಅರವತ್ತು ದಾಟಿದವರಲ್ಲಿ ನಾಳ ಗಡುಸಾಗಿರುತ್ತದೆ, ಮುದುಡುವುದು ಕಷ್ಟ. ಅಂಥವರನ್ನು ಇಲ್ಲಿಟ್ಟುಕೊಂಡು ಕಾದರೆ ಸಾವಿಗೆ ಬಿಟ್ಟ ಹಾಗೆ. ಕೂಡಲೇ ಮೈಸೂರಿಗೆ ಕಳಿಸಿ ಆಪರೇಷನ್ ಮಾಡಿಸಬೇಕು.

"ಇವರಿಗೆ ನಲವತ್ತೈದು ಅಲ್ವಾ? ರಕ್ತವೂ ಚಮಚದಷ್ಟು. ಹೆದರಬೇಡಿ, ಹಾಲು ಕುಡಿಸಿ ಇಲ್ಲೇ ಮಲಗಿಸುವ" ಎಂದು ಹೇಳಿ ಊಟಕ್ಕೆ ಹೋದರು.

ನನಗೆ ಸಮಾಧಾನವಾಯಿತು. ಆದರೆ ವರಾಂಡದಿಂದ ಒಳಗೆ ಬರುವಷ್ಟರಲ್ಲಿ ಲೆಕ್ಕ ತಲೆಗೆ ಹೊಳೆಯಿತು. ನಮ್ಮಪ್ಪನಿಗೆ ಐವತ್ತು ದಾಟಿತ್ತು. ಅಪ್ಪನ ಅಣ್ಣನಿಗೆ ನಲವತ್ತೈದು ಆಗುವುದು ಯಾವ ಸ್ಕೂಲಿನ ಗಣಿತದಲ್ಲೂ ಸಾಧ್ಯವಿಲ್ಲ.

"ದೊಡ್ಡಪ್ಪಾ, ನಲ್ವತ್ತೈದು ಅಂದ್ಯಲ್ಲ?"

"ಬಾಯಲ್ಲಿ ಅಂದೆ ಕಣ್ಲಾ. ಆ ನರ್ಸಮ್ಮ, ಪಕ್ಕದ ಮಂಚದೋನು, ಎಲ್ರೂ ಕಿವಿ ಕೊಟ್ಕಂಡಿದ್ರು. ಕೈಲಿ ಸರ್ಯಾಗೇ ಯೋಳಿವ್ನಿ, ಅರ್ವತ್ಮೂರು ಅಂತವ."

"ರಕ್ತ?"

"ಅದ್ನೂ ಯೋಳಿವ್ನಿ. ಮೂರ್ ಚೊಂಬು."

"ಡಾಕ್ಟ್ರಿಗೆ ಗೊತ್ತಾಯ್ತಾ?"

"ಆಗ್ದೆ ಏನ್ಲಾ? ಅಷ್ಟೊಂದು ಓದ್ಬುಟ್ಟವ್ರೆ, ಬೆರಳು ಎಣ್ಸಕೆ ಬರಾಕಿಲ್ವಾ?"

ದೊಡ್ಡವ್ವ ಹಣೆ ಚಚ್ಚಿಕೊಂಡರು. "ಅಯ್ಯೋ ನಿನ್ ಮನೆ ಕಾಯ್ವಾಗ! ಆ ಡಾಕ್ಟ್ರು ನಿನ್ನೇನು ಎತ್ತು ಅಂತ ಕೊಳ್ಳಕ್ ಬಂದಿದ್ರಾ? ಓಡ್ಲಾ ಮಗಾ, ಓಡು!"

ಡಾಕ್ಟರು ಅನ್ನಕ್ಕೆ ಸಾರು ಕಲಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ, "ಸಾರ್, ಅದು ಸೆಳೆತ ಅಲ್ಲ, ಅರವತ್ತಮೂರು" ಎಂದೆ. ಅವರು ನನ್ನನ್ನೂ ರೋಗಿಯನ್ನು ನೋಡುವ ಹಾಗೆ ನೋಡಿದರು. ಸಂತೆ, ಟವಲು, ಬೆರಳು ಎಲ್ಲವನ್ನೂ ಹೇಳಿದ ಮೇಲೆ ತಟ್ಟೆಯನ್ನು ಹಾಗೇ ಬಿಟ್ಟು ಎದ್ದರು.

ಬಂದವರೇ ದೊಡ್ಡಪ್ಪನ ಪಕ್ಕದಲ್ಲಿ ಕೂತು, "ಟವಲು ಹಾಕಿ" ಎಂದರು. ದೊಡ್ಡಪ್ಪನಿಗೆ ಬಹಳ ಸಂತೋಷವಾಯಿತು. ವಾರ್ಡಿನಲ್ಲಿದ್ದವರೆಲ್ಲ ಎದ್ದು ಕೂತರು.

"ಮೂರು... ಮೂರು ಎಂತದು?"

"ಚೊಂಬು ಬುದ್ಧಿ."

"ಎಷ್ಟು ದೊಡ್ಡ ಚೊಂಬು?"

ಟವಲಿನ ಕೆಳಗೆ ಅದಕ್ಕೆ ಬೆರಳಿರಲಿಲ್ಲ. ದೊಡ್ಡವ್ವ ಎರಡೂ ಕೈ ಅಗಲಿಸಿ ತೋರಿಸಿದರು. ಡಾಕ್ಟರ ಮುಖ ಸಣ್ಣದಾಯಿತು. ಹಿಂದೆಯೂ ಎರಡು ಸಲ ರಕ್ತ ಹೋಗಿತ್ತೆಂದು ತಿಳಿಯಿತು. ದೊಡ್ಡಪ್ಪನನ್ನು ಎತ್ತಿ ಕೂರಿಸಿ ಮತ್ತೆ ನಾಡಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಇವತ್ತೇ, ಈಗಲೇ ಮೈಸೂರು" ಎಂದರು.

"ಕುಯ್ಯುಸ್ಕಂಡ್ರೆ ಬದುಕ್ತೀನಾ? ಮೊದ್ಲು ಅದ ಯೋಳಿ ಬುದ್ಧಿ. ಇಲ್ದಿದ್ರೆ ನಾ ಏಳಾಕಿಲ್ಲ."

"ಹಾಗೆಲ್ಲ ಹೇಳಲಿಕ್ಕೆ ಆಗುವುದಿಲ್ಲ."

"ಅಂದಾಜ್ಗೆ ಯೋಳಿ."

ಆಗ ಹದಿನಾರು ಆಣೆಗೆ ಒಂದು ರೂಪಾಯಿಯ ಕಾಲ, ಎಲ್ಲ ಅಂದಾಜೂ ಆಣೆಯಲ್ಲೇ. ಡಾಕ್ಟರು ಸೋತು, "ಇಲ್ಲೇ ಇದ್ದರೆ ನಾಲ್ಕಾಣೆ ಬದುಕು. ಆಪರೇಷನ್ ಆದರೆ ಹನ್ನೊಂದಾಣೆ" ಎಂದರು.

"ಹನ್ನೊಂದು ಭಾರಿ ಕಮ್ಮಿ ಆಯ್ತು. ಹದಿನಾಕು ಮಾಡಿ."

"ಅದು ನನ್ನ ಕೈಯಲ್ಲಿ ಇಲ್ಲ ಮಾರಾಯ್ರೆ!"

"ಎಲ್ರೂ ಹಂಗೇ ಅನ್ನದು, ಮಾಡಿ ಬುದ್ಧಿ."

ಪಕ್ಕದ ಮಂಚದವನ ಕಾಲಿಗೆ ಪಟ್ಟಿ ಕಟ್ಟಿತ್ತು. ಅವನು, "ಇಬ್ರುಗೂ ಬ್ಯಾಡ, ಹನ್ನೆಲ್ಡೂವರೆಗೆ ಮುಗ್ಸಿ" ಎಂದು ನಡುವೆ ಬಾಯಿ ಹಾಕಿದ. ದೊಡ್ಡಪ್ಪ ಅವನ ಕಡೆ ತಿರುಗಿ, "ನೀ ಯಾವನ್ಲಾ ದಳ್ಳಾಳಿ? ಸುಮ್ಕೆ ಬಿದ್ಕಳ್ಲಾ" ಎಂದು ಗದರಿದರು. ನರ್ಸಮ್ಮ ಗೋಡೆಯ ಕಡೆ ತಿರುಗಿ ನಗುತ್ತಿದ್ದರು. ನಗದಿದ್ದವರು ಡಾಕ್ಟರೊಬ್ಬರೇ. ಅವರ ಕಣ್ಣು ಗಡಿಯಾರದ ಮೇಲಿತ್ತು.

"ನೋಡಿ, ಈಗಲೇ ಹೊರಟರೆ ಹನ್ನೊಂದು. ನೀವು ಹೀಗೆ ಮಾತಾಡ್ತಾ ಕೂತರೆ ಇನ್ನೊಂದು ಗಳಿಗೆಗೆ ಹತ್ತು. ಸಂಜೆಗೆ ಏಳು. ಆಮೇಲೆ ಕೇಳಬೇಡಿ."

ದೊಡ್ಡಪ್ಪ ಕಣ್ಣರಳಿಸಿದರು. "ಇಳೀತದಾ?"

"ಇಳೀತಾ ಉಂಟು."

ಬೆಲೆ ಇಳಿಯುವ ಸಂತೆಯಲ್ಲಿ ನಿಲ್ಲುವವರಲ್ಲ ಅವರು. "ಎತ್ರುಲಾ ನನ್ನ! ಹನ್ನೊಂದ್ಕೆ ಒಪ್ದೆ, ಎತ್ರಿ!" ಎಂದು ಕೈ ಚಾಚಿದರು. ರೇಷ್ಮೆಗೂಡು ತುಂಬಿಕೊಂಡು ಮೈಸೂರಿಗೆ ಹೊರಟಿದ್ದ ವ್ಯಾನೊಂದನ್ನು ಡಾಕ್ಟರೇ ರಸ್ತೆಗೆ ಅಡ್ಡ ನಿಂತು ತಡೆದರು.

ಮೈಸೂರಿನಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ನಾನೂ ದೊಡ್ಡವ್ವನೂ ಹೊರಗಿನ ಬೆಂಚಿನಲ್ಲಿ ಕೂತೆವು. ಬಹಳ ಹೊತ್ತಾದ ಮೇಲೆ ದೊಡ್ಡವ್ವ ಕೇಳಿದರು, "ಎಷ್ಟಾಣೆ ಅಂದ್ರು ಮಗಾ?"

"ಹನ್ನೊಂದು."

"ಮಿಕ್ಕಿದ್ ಐದಾಣೆ?"

ನಾನು ಜೀರ್ಣಾಂಗಗಳ ಚಿತ್ರ ಬರೆದವನು. ಆ ಚಿತ್ರದಲ್ಲಿ ಐದಾಣೆಗೆ ಜಾಗವಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಮಾರನೆಯ ದಿನ ನಮ್ಮನ್ನು ಒಳಗೆ ಬಿಟ್ಟರು. ದೊಡ್ಡಪ್ಪನ ಮೂಗಿಗೆ ರಬ್ಬರು ನಳಿಗೆ ಹಾಕಿದ್ದರು, ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಕಣ್ಣು ಮಾತ್ರ ಬಿಟ್ಟಿದ್ದರು. ದೊಡ್ಡವ್ವ ಅವರನ್ನು ತಲೆಯಿಂದ ಕಾಲಿನ ತನಕ ನೋಡಿದರು. ಉಳಿದಿದ್ದಾರೆ ಎಂದು ಖಾತ್ರಿಯಾದ ಕೂಡಲೇ ಬೈಯಲು ಶುರು ಮಾಡಿದರು.

"ಹುಟ್ಟಿದಾಗ್ಲಿಂದ ಯಾವಾರ ಮಾಡ್ದೋನು ನೀನು. ಹದ್ನಾರ್ಕೆ ಹದ್ನಾರೂ ಕೇಳಕೇನಾಗಿತ್ತು ನಿಂಗೆ? ರಾತ್ರಿಯೆಲ್ಲ ಆ ಐದಾಣೆ ನನ್ ಎದೆ ಮ್ಯಾಲೆ ಕೂತಿತ್ತು."

ದೊಡ್ಡಪ್ಪ ನಳಿಗೆಯ ಸಂದಿಯಿಂದ ಕಷ್ಟಪಟ್ಟು ಹೇಳಿದರು: "ಅಷ್ಟು ಕೇಳುದ್ರೆ ಯಾವಾರ ಮುರ್ದೋದದು ಕಣಮ್ಮಿ."

"ಸುಮ್ಕೆ ಮನೀಕೊ" ಎಂದು ದೊಡ್ಡವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅವರ ಕಾಲಿಗೆ ಕಂಬಳಿ ಎಳೆದರು.